ತಲೆಗೆ ಪೆಟ್ಟು ಬಿದ್ರೆ ರಕ್ತ ಟೆಸ್ಟ್ ಸಾಕಾ? ಓದುಗರ ಪ್ರಶ್ನೆ, ಡಾಕ್ಟ್ರ ಉತ್ತರ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ಹೋದ ತಿಂಗ್ಳು ನನ್ ತಮ್ಮ ದಾವಣಗೆರೆಯಿಂದ ಊರಿಗೆ ಬರೋವಾಗ ರಸ್ತೆ ಮೇಲೆ ಒಣಗೋಕೆ ಹಾಕಿದ್ದ ಮೆಕ್ಕೆಜೋಳದ ಮೇಲೆ ಬೈಕ್ ಸ್ಕಿಡ್ ಆಗಿ ಬಿದ್ದ. ಹೆಲ್ಮೆಟ್ ಟ್ಯಾಂಕ್ ಮೇಲಿತ್ತು. ಸ್ವಲ್ಪ ಹೊತ್ತು ಮಂಕಾಗಿದ್ದ, ಒಂದ್ಸಲ ವಾಂತಿ ಆಯ್ತು, ಆಮೇಲೆ ಚೆನ್ನಾಗೇ ಮಾತಾಡ್ದ. ಆಸ್ಪತ್ರೇಲಿ ಸೀದಾ ಸಿಟಿ ಸ್ಕ್ಯಾನ್ ಮಾಡ್ಸಿದ್ರು, ನಾರ್ಮಲ್ ಬಂತು. ಈಗ ನಮ್ ಭಾವ "ಈಗೆಲ್ಲಾ ರಕ್ತ ಟೆಸ್ಟಲ್ಲೇ ಗೊತ್ತಾಗುತ್ತೆ, ಸುಮ್ನೆ ದುಡ್ಡು ಕಿತ್ರು" ಅಂತಾರೆ. ಹೌದಾ?
– ಓದುಗರು, ಜಗಳೂರು ತಾಲೂಕು

ಉತ್ತರ: ಭಾವ ಹೇಳಿದ್ರಲ್ಲಿ ಅರ್ಧ ನಿಜ. ಅಂಥ ಟೆಸ್ಟ್ ಇದೆ, ಆದ್ರೆ ಅದು ಮಾಡೋ ಕೆಲಸ ಅವರು ಅಂದ್ಕೊಂಡಿದ್ದಲ್ಲ.

ಮೆದುಳಿಗೆ ಏಟು ಬಿದ್ದಾಗ ಒಳಗಿನ ಜೀವಕೋಶ ಒಡೆದು ಅದರಲ್ಲಿರೋ ಪ್ರೋಟೀನ್ ರಕ್ತಕ್ಕೆ ಸೋರುತ್ತೆ. ಅದರಲ್ಲಿ ಎರಡನ್ನ ಅಳೀತಾರೆ, ಜಿಎಫ್‌ಎಪಿ ಮತ್ತೆ ಯುಸಿಎಚ್-ಎಲ್1. ಎರಡನೇದು ಬೇಗ ಏರಿ ಬೇಗ ಇಳಿಯುತ್ತೆ, ಮೊದಲನೇದು ಹೆಚ್ಚು ಹೊತ್ತು ನಿಲ್ಲುತ್ತೆ, ಅದಕ್ಕೇ ಜೋಡಿ. ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡೋ ಸಂಸ್ಥೆ ಎಫ್‌ಡಿಎ 2018ರಲ್ಲಿ ಇದಕ್ಕೆ ಒಪ್ಪಿಗೆ ಕೊಡ್ತು, 2024ರಲ್ಲಿ ರೋಗಿ ಪಕ್ಕದಲ್ಲೇ 15 ನಿಮಿಷದಲ್ಲಿ ರಿಸಲ್ಟ್ ಕೊಡೋ ಅಬಾಟ್ ಕಂಪನಿಯ ಕೈಯಲ್ಲಿ ಹಿಡಿಯೋ ಮಷೀನಿಗೂ ಒಪ್ಪಿಗೆ ಸಿಕ್ತು. ಈ ಮಷೀನಿನ ಟೆಸ್ಟ್ 18 ವರ್ಷ ದಾಟಿದವರಿಗೆ, ಪೆಟ್ಟಾದ 24 ಗಂಟೆ ಒಳಗೆ, ಅದೂ ಮೈಮೇಲೆ ಪ್ರಜ್ಞೆ ಇರೋ ಸಣ್ಣ ಪೆಟ್ಟಿಗೆ ಮಾತ್ರ.

ಇಲ್ಲಿ ನೋಡಿ ವಿಷ್ಯ ಇರೋದು. 2018ರ ಒಪ್ಪಿಗೆಗೆ ಮೂಲವಾದ ಅಧ್ಯಯನದಲ್ಲಿ 1959 ಜನರಿಗೆ ಸ್ಕ್ಯಾನೂ ಮಾಡಿದ್ರು, ರಕ್ತಾನೂ ನೋಡಿದ್ರು. ನೆಗೆಟಿವ್ ಬಂದ 671 ಜನರಲ್ಲಿ ಮೂವರಿಗೆ ಮಾತ್ರ ಸ್ಕ್ಯಾನಲ್ಲಿ ಗಾಯ ಕಾಣ್ತು. ಅಂದ್ರೆ ನೆಗೆಟಿವ್ ಬಂದ್ರೆ ಬಹುಮಟ್ಟಿಗೆ ನಿಶ್ಚಿಂತೆ. ಆದ್ರೆ ಪಾಸಿಟಿವ್ ಬಂದ 1288 ಜನರಲ್ಲಿ ಗಾಯ ಇದ್ದಿದ್ದು 122 ಮಂದಿಗಷ್ಟೇ, ಉಳಿದೋರ ಸ್ಕ್ಯಾನ್ ಕ್ಲೀನ್! ಹಾಗಾಗಿ ಈ ಟೆಸ್ಟ್ "ಯಾರಿಗೆ ಸ್ಕ್ಯಾನ್ ಬೇಡ" ಅಂತ ಹೇಳೋಕೆ, "ಯಾರ ಮೆದುಳಿಗೆ ಏನಾಗಿದೆ" ಅಂತ ಹೇಳೋಕಲ್ಲ. ಪಾಸಿಟಿವ್ ಬಂದ್ರೆ ಮತ್ತೆ ಅದೇ ಸ್ಕ್ಯಾನ್ ರೂಮಿಗೇ ಹೋಗ್ಬೇಕು, ರಕ್ತ ಎಲ್ಲಿ ಕಟ್ಟಿದೆ ಎಷ್ಟು ಕಟ್ಟಿದೆ ಅಂತ ಪ್ರೋಟೀನ್ ಹೇಳಲ್ಲ, ಆಪರೇಷನ್ ಮಾಡೋ ಸರ್ಜನ್‌ಗೆ ಬೇಕಾಗೋದು ಅದೇ.

ನಿಮ್ ತಮ್ಮಂಗೆ ಹೆಲ್ಮೆಟ್ ಇರ್ಲಿಲ್ಲ, ಮಂಕಾಗಿದ್ದ, ವಾಂತಿ ಬೇರೆ. ಸ್ಕ್ಯಾನ್ ಮಾಡ್ಸಿದ್ದು ಸರಿಯಾಗೇ ಇದೆ, ನಾನಾದ್ರೂ ಬರೀತಿದ್ದೆ. "ಆಮೇಲೆ ಚೆನ್ನಾಗೇ ಮಾತಾಡ್ದ" ಅನ್ನೋದನ್ನ ನಂಬ್ಕೊಂಡು ಕೂರೋಕಾಗಲ್ಲ, ತಲೆಬುರುಡೆ ಒಳಗೆ ರಕ್ತ ಶೇಖರ ಆಗ್ತಿದ್ರೂ ಕೆಲವರು ಮೊದಲು ಒಂದಷ್ಟು ಹೊತ್ತು ಆರಾಮಾಗೇ ಇದ್ದು ಆಮೇಲೆ ಧಪ್ಪಂತ ಪ್ರಜ್ಞೆ ತಪ್ತಾರೆ. ಇನ್ನು ಈ ರಕ್ತ ಟೆಸ್ಟ್ ಶುಗರ್, ಥೈರಾಯ್ಡ್ ಥರ ಬೀದಿ ಲ್ಯಾಬಲ್ಲಿ ಸಿಗೋ ಟೆಸ್ಟೂ ಅಲ್ಲ, ಅದನ್ನ ಹುಡುಕ್ಕೊಂಡು ಹೊತ್ತು ಕಳೀಬೇಡಿ. (ಮೆಕ್ಕೆಜೋಳದ ವಿಷ್ಯ ಗ್ರಾಮ ಪಂಚಾಯ್ತೀಲಿ ಎತ್ತಿ, ಸುಗ್ಗಿ ಬಂದ್ರೆ ಅರ್ಧ ರಸ್ತೆ ಕಣ ಆಗಿರುತ್ತೆ.)

ಪ್ರಶ್ನೆ: ಅಮ್ಮಂಗೆ 72. ಸ್ಟೆಂಟ್ ಹಾಕ್ಸಿದೀವಿ, ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ. ಮೂರು ವಾರದ ಹಿಂದೆ ಬಚ್ಚಲಲ್ಲಿ ಜಾರಿ ತಲೆ ತಾಗಿತ್ತು, ಊದಿರ್ಲಿಲ್ಲ ಅಂತ ಬಿಟ್ವಿ. ಈಗ ಮಂಪರು, ಎಡಗಾಲು ಎಳೀತಾರೆ. ರಕ್ತ ಟೆಸ್ಟ್ ಮಾಡ್ಸಬಹುದಾ?
– ಓದುಗರು, ಚಿತ್ರದುರ್ಗ

ಉತ್ತರ: ಇವರಿಗೆ ಅಚ್ಚಾಗೋವರೆಗೂ ಕಾಯಿಸ್ದೆ ಫೋನಲ್ಲೇ ಹೇಳಿದೀವಿ, ಬೇರೆಯೋರಿಗೂ ಬೇಕಾಗುತ್ತೆ ಅಂತ ಇಲ್ಲಿ ಹಾಕ್ತಿದೀನಿ. 24 ಗಂಟೆ ದಾಟಿದ ಮೇಲೆ ಆ ಟೆಸ್ಟ್ ಲೆಕ್ಕಕ್ಕಿಲ್ಲ. ವಯಸ್ಸಾದೋರಲ್ಲಿ, ಅದರಲ್ಲೂ ಇಂಥ ಮಾತ್ರೆ ತಗೊಳ್ಳೋರಲ್ಲಿ ಮೆದುಳಿನ ಹೊರಪೊರೆ ಕೆಳಗೆ ರಕ್ತ ನಿಧಾನಕ್ಕೆ ಸೇರಿ ವಾರಗಟ್ಲೆ ಆದ್ಮೇಲೆ ತೊಂದ್ರೆ ಕೊಡಬಹುದು, ಹೊರಗೆ ಊದಿರಲೇಬೇಕು ಅಂತಿಲ್ಲ. ಇವತ್ತೇ ಸಿಟಿ ಮಾಡ್ಸಿ. ಅದೇ ಆಗಿದ್ರೆ ಸಾಮಾನ್ಯವಾಗಿ ಬುರುಡೇಲಿ ಸಣ್ಣ ತೂತು ಮಾಡಿ ರಕ್ತ ಹೊರಗೆ ತೆಗೀತಾರೆ, ಸಕಾಲಕ್ಕೆ ಮಾಡಿದ್ರೆ ಬಹಳ ಜನ ಚೇತರಿಸ್ಕೊಳ್ತಾರೆ. ಮಾತ್ರೆ ನೀವಾಗೇ ನಿಲ್ಲಿಸಬೇಡಿ, ಸ್ಟೆಂಟ್ ಇದೆ. ಮಾತ್ರೆ ಚೀಟಿ ಸಮೇತ ಹೋಗಿ, ಕ್ಯಾಶುವಾಲ್ಟೀಲಿ ಮೊದಲು ಅದನ್ನೇ ತೋರ್ಸಿ.