ನಮ್ಮ ಸಂಘದ ಹಳೇ ಕಂಪ್ಯೂಟರ್‌ನಲ್ಲಿ ಫಾಕ್ಸ್‌ಪ್ರೊ (ಹಳೇ ಡೇಟಾಬೇಸ್ ತಂತ್ರಾಂಶ) ಪ್ರೋಗ್ರಾಂ ಇದೆ, ಅದರಲ್ಲಿ ಕೆಲಸ ಮಾಡಿದ ಹಿರಿಯರು ಹಾಸನದಲ್ಲೇ ಇದ್ದಾರೆ. ಆ ಕಾಲದ ಮ್ಯಾನ್ಯುಅಲ್, ಹೆಲ್ಪ್ ಫೈಲ್ ಉಳಿಸಿಕೊಳ್ಳಲು ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿದರೆ ಸಾಕೇ?

ಸಾಲದು. ಯಾವ ಸ್ಕ್ಯಾನರ್ ಅನ್ನೋದು ಆಮೇಲಿನ ಮಾತು, ಮೊದಲು ನಿಮ್ಮ ಸಂಘದ ಆ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ. ನಾನು ಹಾಕಿಬಿಟ್ಟೆ.

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಸಂಸ್ಕರಿಸೋ ಕಾರ್ಖಾನೆಯಲ್ಲಿ, ಲೆಕ್ಕ ಬರೀತಿದ್ದೆ. ಬೆಳೆಗಾರರು ತಂದ ಪಾರ್ಚ್‌ಮೆಂಟ್ (ತೊಳೆದು ಒಣಗಿಸಿದ ಬೀಜ) ಎಷ್ಟು, ಚೆರಿ (ಹಣ್ಣನ್ನೇ ಒಣಗಿಸಿದ್ದು) ಎಷ್ಟು, ತೇವಾಂಶ ಎಷ್ಟು, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಕ್ಕ ಬೀಜ) ಎಷ್ಟು, ಎಲ್ಲಾ ವಿಂಡೋಸ್‌ಗೆ ಮುಂಚಿನ ಡಾಸ್‌ನ ಫಾಕ್ಸ್‌ಪ್ರೊ 2.6ರಲ್ಲಿ. ಆ ಪ್ರೋಗ್ರಾಂ ಬರೆದುಕೊಟ್ಟ ಹುಡುಗ ಬಲು ಅಚ್ಚುಕಟ್ಟು. ಫಾಕ್ಸ್‌ಪ್ರೊದ ಹೆಲ್ಪ್ ಅನ್ನೋದೇ ಒಂದು ಟೇಬಲ್. ಅದೇ ಮಾದರಿಯಲ್ಲಿ ನಮ್ಮದಕ್ಕೂ ಒಂದು ಮಾಡಿದ್ದ. ಒಂದು ಕಾಲಂನಲ್ಲಿ ವಿಷಯ, ಪಕ್ಕದ ಮೆಮೊ ಕಾಲಂನಲ್ಲಿ (ಉದ್ದ ಬರಹಕ್ಕೆ ಇರೋದು) ವಿವರ. ಯಾವ ಕೋಡ್ ಅಂದರೆ ಏನು, ತೇವ ಜಾಸ್ತಿ ಇದ್ದರೆ ತೂಕದಲ್ಲಿ ಎಷ್ಟು ಕಳೀಬೇಕು, ಎಲ್ಲಾ ಅಲ್ಲೇ ಇತ್ತು. ಎಫ್1 ಒತ್ತಿದರೆ ಬರೋದು.

ಹೊಸ ಕಂಪ್ಯೂಟರ್ ಬಂದ ದಿನ ನಾನು ಟೇಬಲ್ ಇರೋ ಡಿಬಿಎಫ್ (.dbf) ಫೈಲ್‌ಗಳನ್ನಷ್ಟೇ ಕಾಪಿ ಮಾಡಿದೆ. ಡೇಟಾ ಅಂದರೆ ಡಿಬಿಎಫ್ ಅಂತ ತಲೆಯಲ್ಲಿ ಕೂತಿತ್ತು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ನೀವೂ ಇಲ್ಲೇ ಎಡವೋದು. ಮೆಮೊ ಕಾಲಂನ ಬರಹ ಡಿಬಿಎಫ್ ಒಳಗೆ ಇರೋದೇ ಇಲ್ಲ. ಅಲ್ಲಿ 10 ಅಕ್ಷರದ ಜಾಗದಲ್ಲಿ ಒಂದು ನಂಬರ್ ಮಾತ್ರ ಇರುತ್ತೆ, ಬರಹ ಇಂಥ ಬ್ಲಾಕ್‌ನಲ್ಲಿದೆ ಅಂತ. ಬರಹ ಕೂತಿರೋದು ಅದೇ ಹೆಸರಿನ ಎಫ್‌ಪಿಟಿ (.fpt) ಫೈಲ್‌ನಲ್ಲಿ. ಅದೇ ಬಗೆಯ ಡಿಬೇಸ್ ತಂತ್ರಾಂಶ ಆದರೆ ಡಿಬಿಟಿ (.dbt). ನಾನು ತಂದದ್ದು ಪುಟಸಂಖ್ಯೆ, ಬಿಟ್ಟುಬಂದದ್ದು ಪುಸ್ತಕ. ಗೊತ್ತಾಗೋ ಹೊತ್ತಿಗೆ ಹಾರ್ಡ್‌ಡಿಸ್ಕ್ ಗುಜರಿಯವನ ಲಾರಿ ಹತ್ತಿ ಹೋಗಿತ್ತು. ಫ್ಲಾಪಿಗಳನ್ನು ತೆಗೆದು ನೋಡಿದರೆ ನಮ್ಮ ಮಳೆಗಾಲದ ಬೂಷ್ಟು ಡಿಸ್ಕಿನ ಮೇಲೇ ಹತ್ತಿತ್ತು.

ಕೊನೆಗೆ ಕೈಹಿಡಿದದ್ದು ತೂಕದ ಗುಮಾಸ್ತರ ಒಂದು ಉದ್ದ ನೋಟ್‌ಬುಕ್. ರಟ್ಟಿನ ಒಳಮೈಗೆ ಪೆನ್ಸಿಲಿನಲ್ಲಿ ಕೋಡ್‌ಗಳ ಪಟ್ಟಿ. ಎರಡು ಸಂಜೆ ಅವರ ಜಗಲಿಯಲ್ಲಿ ಕೂತು ಒಂದೊಂದನ್ನೇ ಕೇಳಿ ಬರ್ಕೊಂಡೆ. "7 ಅಂದ್ರೆ ಏನು ಸಾರ್?" ಅಂದಾಗ ಮಾತ್ರ ಅವರೂ ಸುಮ್ಮನಾದರು. ಆ 7 ನಮ್ಮ ಹಳೇ ಲೆಕ್ಕದಲ್ಲಿ ಇವತ್ತಿಗೂ ಹಾಗೇ ಇದೆ.

ಹಾಗಾಗಿ ನನ್ನ ಮಾತು ಇಷ್ಟೆ. ಕಂಪನಿಯ ದಪ್ಪ ಮ್ಯಾನ್ಯುಅಲ್ ಸ್ಕ್ಯಾನ್ ಮಾಡುತ್ತಾ ವಾರಗಟ್ಟಲೆ ಕಳೀಬೇಡಿ. ಅದು ಪ್ರಪಂಚದಲ್ಲಿ ಎಷ್ಟೋ ಜನರ ಹತ್ತಿರ ಇದೆ. ನಿಮ್ಮ ಪ್ರೋಗ್ರಾಂನ ವಿವರ ನಿಮ್ಮ ಹತ್ತಿರ ಮಾತ್ರ. ಫೋಲ್ಡರ್ ಪೂರ್ತಿ, ಒಂದು ಫೈಲನ್ನೂ ಆರಿಸದೆ, ಎರಡು ಕಡೆ ಕಾಪಿ ಮಾಡಿ. 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ಪ್ರೋಗ್ರಾಂ ಓಡಲ್ಲ, ಅದನ್ನು ಓಡಿಸೋ ಡಾಸ್‌ಬಾಕ್ಸ್ ತಂತ್ರಾಂಶ ಹಾಕ್ಕೊಳ್ಳಿ. ಫಾಕ್ಸ್‌ಪ್ರೊ ಒಳಗೆ 'ಕಾಪಿ ಮೆಮೊ' (COPY MEMO) ಅನ್ನೋ ಆದೇಶ ಇದೆ, ಒಂದೊಂದೇ ವಿವರವನ್ನು ಸಾದಾ ಟೆಕ್ಸ್ಟ್ ಫೈಲ್ ಮಾಡಿ ಕೊಡುತ್ತೆ. ಮೂಲ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾತ್ರ ಮಾಡಬೇಡಿ.

ಮತ್ತೆ ಅದರಲ್ಲಿ ಕೆಲಸ ಮಾಡಿದ ಹಿರಿಯರು ಹಾಸನದಲ್ಲೇ ಇದ್ದಾರೆ ಅಂದಿರಲ್ಲ, ಸ್ಕ್ಯಾನರ್ ಕೊಳ್ಳೋಕೆ ಮುಂಚೆ ಅವರ ಮನೆಗೆ ಹೋಗಿ. ಈ ಭಾನುವಾರವೇ ಹೋಗಿ.