ಆಸ್ಪತ್ರೆಯಲ್ಲಿ ಅಪ್ಪನಿಗೆ ಬುದ್ಧಿ ಕೆಟ್ಟಿತೇ?

ಶಿರಸಿ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಅವರ ತಂದೆಗೆ 78 ವರ್ಷ. ಅಂಗಳದಲ್ಲಿ ಜಾರಿ ಬಿದ್ದು ತೊಡೆಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಎರಡನೆಯ ರಾತ್ರಿ "ಕೊಟ್ಟಿಗೆ ಬಾಗಿಲು ಹಾಕಿಲ್ಲ" ಎಂದು ಮಂಚದಿಂದ ಇಳಿಯಲು ಹೋದರು, ಡ್ರಿಪ್ ಕಿತ್ತು ಹಾಕಿದರು, ಗೋಡೆ ತುಂಬ ಇರುವೆ ಎಂದರು. ಸಿಬ್ಬಂದಿ ಕೈ ಕಟ್ಟಿದರು. ತಲೆಯ ಸಿ.ಟಿ. ಸ್ಕ್ಯಾನ್ ನಾರ್ಮಲ್ ಬಂತು. ರಕ್ತದಲ್ಲಿ ಸೋಡಿಯಂ 119 ಇತ್ತು. ವಾರದೊಳಗೆ ಸರಿಹೋದರು. ನೆಂಟರು ಮಾತ್ರ "ಲಕ್ವ", "ಅರಳು ಮರಳು" ಎಂದು ಇನ್ನೂ ಹೇಳುತ್ತಿದ್ದಾರಂತೆ. "ಸ್ಕ್ಯಾನ್ ದುಡ್ಡಿಗಾಗಿ ಮಾಡಿದ್ದಾ? ಸೋಡಿಯಂ ಅಷ್ಟು ನಿಧಾನವಾಗಿ ಏರಿಸಿದ್ದು ಯಾಕೆ? ಮುಂದೆ ಕಣ್ಣಿನ ಪೊರೆ ಆಪರೇಷನ್ ಮಾಡಿಸಬಹುದಾ?" ಎಂದು ಕೇಳಿದ್ದಾರೆ.

ನಿಮ್ಮ ತಂದೆಯವರಿಗೆ ಆದದ್ದು ಹುಚ್ಚಲ್ಲ. ಪತ್ರ ಓದಿ ರೋಗ ನಿರ್ಧರಿಸುವುದು ನಮ್ಮ ಕೆಲಸವಲ್ಲ, ಆದರೆ ನೀವು ಬರೆದ ವಿವರಗಳೆಲ್ಲ ಡಿಲಿರಿಯಂಗೆ ಹೊಂದುತ್ತವೆ. ಹಳಬರು ಸನ್ನಿ ಅನ್ನುತ್ತಿದ್ದರಲ್ಲ, ಅದು. ತೊಡೆಮೂಳೆ ಆಪರೇಷನ್ ಆದ ವೃದ್ಧರಲ್ಲಿ ಇದು ತುಂಬ ಸಾಮಾನ್ಯ. ಅರಳು ಮರಳು ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ಇದು ಗಂಟೆಗಳಲ್ಲಿ ಬರುತ್ತದೆ. ಬೆಳಿಗ್ಗೆ ಸರಿಯಾಗಿ ಮಾತಾಡಿದವರು ಸಂಜೆಗೆ ಬೇರೆಯೇ ಮನುಷ್ಯರಾಗುತ್ತಾರೆ.

ಕಾರಣ ಸಾಮಾನ್ಯವಾಗಿ ಮೈಯಲ್ಲಿ ಬೇರೆಲ್ಲೋ ಇರುತ್ತದೆ. ಮೂತ್ರದ ಅಥವಾ ಶ್ವಾಸಕೋಶದ ಸೋಂಕು, ಕಟ್ಟಿಕೊಂಡ ಮೂತ್ರ, ನಾಲ್ಕು ದಿನದ ಮಲಬದ್ಧತೆ, ತಡೆಯಲಾಗದ ನೋವು, ಇಳಿದ ಸಕ್ಕರೆ. ಔಷಧಗಳೂ ಸೇರಿವೆ. ನಿದ್ದೆ ಮಾತ್ರೆ, ನೆಗಡಿಗೆಂದು ಕೊಡುವ ಅಲರ್ಜಿ ಮಾತ್ರೆಯೂ ವಯಸ್ಸಾದವರ ತಲೆ ಕೆಡಿಸಬಲ್ಲವು. ದಿನಾ ಕುಡಿಯುವವರಿಗೆ ಆಸ್ಪತ್ರೆಯಲ್ಲಿ ಕುಡಿತ ದಿಢೀರ್ ನಿಂತರೆ ಎರಡು-ಮೂರು ದಿನಕ್ಕೆ ಹೀಗಾಗುವುದುಂಟು. ಕುಡಿಯುವ ವಿಷಯವನ್ನು ಮರ್ಯಾದೆಗಾಗಿ ಮುಚ್ಚಿಡಬೇಡಿ. ಅದರ ಚಿಕಿತ್ಸೆಯೇ ಬೇರೆ.

ಸ್ಕ್ಯಾನ್ ವ್ಯರ್ಥವಾಯಿತು ಅಂತ ನಮಗನಿಸುವುದಿಲ್ಲ. ಬಿದ್ದ ಮುದುಕರು ದಿಢೀರ್ ಗೊಂದಲಕ್ಕೆ ಬಿದ್ದರೆ ತಲೆಯೊಳಗೆ ರಕ್ತಸ್ರಾವ ಆಗಿದೆಯೇ ಎಂದು ನೋಡಲೇಬೇಕು. ಸಿ.ಟಿ. ಅದನ್ನು ಚೆನ್ನಾಗಿ ಹೇಳುತ್ತದೆ. ಆದರೆ ರಕ್ತ ಹೆಪ್ಪುಗಟ್ಟಿ ಆಗುವ ಲಕ್ವ ಮೊದಲ ಕೆಲವು ಗಂಟೆ ಸಿ.ಟಿ.ಯಲ್ಲಿ ಕಾಣದೇ ಇರಬಹುದು. ಆದ್ದರಿಂದ ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ವಾರ್ಡಿನಲ್ಲಿದ್ದರೂ ಆ ಕ್ಷಣವೇ ಕೂಗಿ ಹೇಳಿ, ರೌಂಡ್ಸ್‌ಗೆ ಕಾಯಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ 4.5 ಗಂಟೆಯಷ್ಟೇ ಸಮಯ. ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದು ಡಾಕ್ಟರಿಗೆ ಮೊದಲು ಬೇಕಾಗುತ್ತದೆ. ಇನ್ನು ಕೆಲವರಿಗೆ ಕೈಕಾಲು ಅದುರದೆಯೇ ಫಿಟ್ಸ್ ಬರುತ್ತಿರುತ್ತದೆ. ಸುಮ್ನೆ ಶೂನ್ಯ ನೋಡುತ್ತಾ ಇರುತ್ತಾರೆ. ಅದನ್ನು ಹಿಡಿಯಲು ಇ.ಇ.ಜಿ., ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ ಬೇಕು.

ಇನ್ನು ಸೋಡಿಯಂ, ಅಂದರೆ ರಕ್ತದಲ್ಲಿರುವ ಉಪ್ಪಿನ ಅಂಶ. ಅದು ತೀರಾ ಇಳಿದರೂ ತಲೆ ಹೀಗೆ ಕೆಡುತ್ತದೆ. ಸಹಜ ಮಟ್ಟ 135ರಿಂದ 145. ವಯಸ್ಸಾದವರಲ್ಲಿ ಕೆಲವು ಬಿ.ಪಿ. ಮಾತ್ರೆಗಳೇ ಅದನ್ನು ಇಳಿಸುತ್ತವೆ, ಜಾಸ್ತಿ ಮೂತ್ರ ಮಾಡಿಸುವ ಜಾತಿಯವು. ನಿಮ್ಮ ತಂದೆಯವರು ಯಾವುದು ತೆಗೆದುಕೊಳ್ಳುತ್ತಿದ್ದರೆಂದು ಒಮ್ಮೆ ಕೇಳಿ. ನಿಧಾನವಾಗಿ ಏರಿಸಿದ್ದರ ಬಗ್ಗೆ ನಿಮಗೆ ಸಿಟ್ಟಿದೆ, ಆದರೆ ಅಲ್ಲಿ ಡಾಕ್ಟರೇ ಸರಿ. ಕಡಿಮೆ ಸೋಡಿಯಂಗೆ ಒಗ್ಗಿದ ಮೆದುಳಿಗೆ ಒಮ್ಮೆಲೇ ಉಪ್ಪು ತುಂಬಿದರೆ ನರತಂತುಗಳ ಹೊದಿಕೆ ಹಾಳಾಗಿ, ಮಾತು, ನುಂಗುವಿಕೆ, ಕೈಕಾಲು ಎಲ್ಲ ಹೋಗಬಹುದು. ಹಾಗಾಗಿ ದಿನಕ್ಕೆ ಸುಮಾರು 8ರಿಂದ 10 ಅಂಕಕ್ಕಿಂತ ಹೆಚ್ಚು ಏರಿಸುವುದಿಲ್ಲ.

ಕೈ ಕಟ್ಟಿದ್ದು ನಮಗೆ ಸರಿ ಕಾಣಲಿಲ್ಲ. ಕಟ್ಟಿದಷ್ಟೂ ಗಾಬರಿ ಹೆಚ್ಚುತ್ತದೆ. ರಾತ್ರಿಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ನರ್ಸ್ ಇರುವಾಗ ಹೀಗಾಗುತ್ತದೆ, ಅದೂ ನಿಜ. ಡಿಲಿರಿಯಂ ವಾಸಿ ಮಾಡುವ ಮಾತ್ರೆ ಇಲ್ಲ. ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವಂತಿದ್ದರೆ ಮಾತ್ರ ಸ್ವಲ್ಪ ಶಾಂತಗೊಳಿಸುವ ಔಷಧ ಕೊಡುತ್ತಾರೆ. ಪಾರ್ಕಿನ್ಸನ್ (ಕೈ ನಡುಗಿ, ಮೈ ಬಿಗಿಯುವ ನರರೋಗ) ಇದ್ದವರಿಗೆ ಅಂಥ ಕೆಲವು ಔಷಧ ವಿಷವಿದ್ದಂತೆ. ಉಳಿದದ್ದೆಲ್ಲ ಕಾರಣ ಹುಡುಕುವುದು ಮತ್ತು ಆರೈಕೆ: ಕನ್ನಡಕ, ಕಿವಿಯ ಮಿಷನ್ನು ಹಾಕಿಸುವುದು, ನೀರು ಕುಡಿಸುವುದು, ಬೇಗ ಎಬ್ಬಿಸಿ ಕೂರಿಸುವುದು, ರಾತ್ರಿ ದೀಪ ಆರಿಸುವುದು. ಇಷ್ಟರಿಂದ ಏನಾದೀತು ಅನ್ನಬೇಡಿ. ಅಮೆರಿಕದಲ್ಲಿ 70 ದಾಟಿದ 852 ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಆರೈಕೆ ಸಿಕ್ಕವರಲ್ಲಿ ಡಿಲಿರಿಯಂ ಬಂದದ್ದು ನೂರಕ್ಕೆ 9.9 ಮಂದಿಗೆ. ಉಳಿದವರಲ್ಲಿ 15 ಮಂದಿಗೆ.

ಇಲ್ಲಿ ನಮ್ಮವರಿಗೊಂದು ಅನುಕೂಲವಿದೆ. ಮನೆಯವರು ಪಕ್ಕದಲ್ಲೇ ಇರುತ್ತಾರೆ. ರೋಗಿ ನಿನ್ನೆ ಹೇಗಿದ್ದರು ಎನ್ನುವುದು ಯಾವ ಯಂತ್ರಕ್ಕೂ ಗೊತ್ತಿಲ್ಲ, ನಿಮಗೆ ಗೊತ್ತು. ಅನುಮಾನ ಬಂದರೆ ವಾರಗಳನ್ನು ಹಿಂದಿನಿಂದ ಹೇಳಿಸಿ ನೋಡಿ: ಶನಿ, ಶುಕ್ರ, ಗುರು... ಮೊದಲು ಸಲೀಸಾಗಿ ಹೇಳುತ್ತಿದ್ದವರು ಈಗ ನಡುವೆ ಕಳೆದುಹೋದರೆ ಡಾಕ್ಟರಿಗೆ ತಿಳಿಸಿ. ಗಲಾಟೆ ಮಾಡುವವರು ಹೇಗೂ ಕಣ್ಣಿಗೆ ಬೀಳುತ್ತಾರೆ. ಮಂಕಾಗಿ ಮಲಗಿಯೇ ಇರುವವರನ್ನು "ಪಾಪ, ಸುಸ್ತು" ಎಂದು ಬಿಟ್ಟುಬಿಡುತ್ತೇವೆ. ಅದೂ ಡಿಲಿರಿಯಂ ಇರಬಹುದು.

ಮರೆವಿನ ಕಾಯಿಲೆಯ ಭಯ ಪೂರ್ತಿ ಸುಳ್ಳಲ್ಲ. ಡಿಲಿರಿಯಂ ಬಂದವರಿಗೆ ಮುಂದೆ ಅದರ ಸಂಭವ ಹೆಚ್ಚು. ಆದರೆ ಈಗಲೇ ನೆನಪಿನ ಪರೀಕ್ಷೆ ಬೇಡ, ಕೆಲವು ತಿಂಗಳು ಕಾಯಿರಿ. ಆಮೇಲೂ ಗೊಂದಲ ಇದ್ದರೆ ನರರೋಗ ತಜ್ಞರಿಗೆ ತೋರಿಸಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ ಮುಂತಾದ ಸರಿಪಡಿಸಬಹುದಾದ ಕಾರಣಗಳನ್ನೂ ಅವರು ನೋಡುತ್ತಾರೆ.

ಪೊರೆ ಆಪರೇಷನ್ ಬಿಡಬೇಡಿ. ಕಣ್ಣು ಸರಿ ಕಾಣದಿರುವುದೂ ಡಿಲಿರಿಯಂಗೆ ದಾರಿ ಮಾಡುತ್ತದೆ. ಸಾಮಾನ್ಯವಾಗಿ ಕಣ್ಣಷ್ಟೇ ಮರಗಟ್ಟಿಸಿ ಮಾಡಿ, ಅದೇ ದಿನ ಮನೆಗೆ ಕಳಿಸುತ್ತಾರೆ. ಹಿಂದೆ ಹೀಗಾಗಿತ್ತು ಎಂದು ಮೊದಲೇ ತಿಳಿಸಿ, ಸೋಡಿಯಂ ಒಮ್ಮೆ ನೋಡಿಸಿ, ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.