ಇಂಗ್ಲಿಷ್ ಮಿಸ್ "ನಾಟ್ ಕ್ಲಿಯರ್" ಅಂತ ಬರೀತಾರೆ, ಏನ್ಮಾಡ್ಲಿ?

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ಡಿಕ್ಷನರಿ ನೋಡಿ ನೋಡಿ ದೊಡ್ಡ ದೊಡ್ಡ ಪದ ಕಲ್ತು ಎಸ್ಸೇಲಿ ಹಾಕ್ತೀನಿ, ಗ್ರಾಮರ್ರೂ ತಕ್ಕಮಟ್ಟಿಗೆ ಬರುತ್ತೆ. ಆದ್ರೂ ಮಿಸ್ ಪ್ರತಿ ಸಲ ಕೆಂಪು ಇಂಕಲ್ಲಿ "ನಾಟ್ ಕ್ಲಿಯರ್" ಅಂತ ಬರೀತಾರೆ. ಏನು ಕ್ಲಿಯರ್ ಇಲ್ಲ ಅಂತ ಮಾತ್ರ ಹೇಳಲ್ಲ.

ಉತ್ತರ: ಮೊದ್ಲು ಆ ಡಿಕ್ಷನರಿ ಸ್ವಲ್ಪ ಪಕ್ಕಕ್ಕಿಡಪ್ಪ. ಬಾಯಾರಿಕೆ ಆದಾಗ "ಅಮ್ಮಾ, ಜಲ ಕೊಡು" ಅಂತೀಯಾ? ಇಂಗ್ಲಿಷಲ್ಲೂ ಅಷ್ಟೇ. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅರಮನೆ, ಕೋರ್ಟು ಎಲ್ಲಾ ಕಡೆ ಫ್ರೆಂಚ್ ನಡೀತಿತ್ತು, ಅದಕ್ಕೇ ಒಂದೇ ಕೆಲಸಕ್ಕೆ ಮನೆಮಾತಿಂದೊಂದು ದರ್ಬಾರಿಂದೊಂದು ಅಂತ ಜೋಡಿ ಜೋಡಿ ಪದ ಉಳ್ಕೊಂಡಿವೆ: ಬಿಗಿನ್-ಕಮೆನ್ಸ್, ಬೈ-ಪರ್ಚೇಸ್, ಆಸ್ಕ್-ಎನ್‌ಕ್ವೈರ್. ನೀನು ಸುಮ್ನೆ ಮನೇದನ್ನ ತಗೋ. "ಡ್ಯೂ ಟು ದ ಫ್ಯಾಕ್ಟ್ ದಟ್" ಅಂತ ಐದು ಪದ ಬರಿಯೋ ಬದ್ಲು "ಬಿಕಾಸ್" ಒಂದೇ ಸಾಕು.

ಆದ್ರೆ ನಿನ್ನ ನಿಜವಾದ ತೊಂದ್ರೆ ಪದದ್ದಲ್ಲ, ವಾಕ್ಯದ್ದು ಅನ್ಸುತ್ತೆ ನಂಗೆ. ಕನ್ನಡದಲ್ಲಿ ನಾವು "ಎದ್ದು, ಮುಖ ತೊಳ್ದು, ತಿಂಡಿ ತಿಂದು, ಬ್ಯಾಗ್ ಹುಡ್ಕಿ, ಓಡೋಡಿ ಹೋಗಿ ಬಸ್ ಹತ್ತಿದೆ" ಅಂತ ಹೇಳ್ಕೊಂಡ್ ಹೋಗಬಹುದು, ಎಲ್ಲಾ ಕ್ರಿಯಾಪದಾನೂ ಸರಪಳಿ ಥರ ನೇತಾಡ್ತಿದ್ರೂ ಕೊನೇದೊಂದು ಎಲ್ಲಾನೂ ಹಿಡ್ಕೊಳ್ಳುತ್ತೆ, "ನಾನು" ಅಂತ ಹೇಳೋದೂ ಬೇಡ, "ಹತ್ತಿದೆ" ಅಂದ್ರೇ ಗೊತ್ತಾಗುತ್ತೆ. ಇಂಗ್ಲಿಷಿಗೆ ಆ ಸೌಕರ್ಯ ಇಲ್ಲ. ಅಲ್ಲಿ ಯಾರು ಅನ್ನೋದು ಮೊದ್ಲೇ ಬರಬೇಕು, ಏನ್ಮಾಡಿದ್ರು ಅನ್ನೋದು ಅದರ ಬೆನ್ನಿಗೇ ಬರಬೇಕು. ನಮ್ಮ ಸರಪಳೀನ ಹಾಗೇ ಎತ್ತಿ ಅಲ್ಲಿಟ್ರೆ ಕಾಮಾ ಮೇಲೆ ಕಾಮಾ ಬಿದ್ದು ಓದೋರಿಗೆ ಉಸಿರು ಕಟ್ಟುತ್ತೆ. "ಇಟ್ ವಾಸ್ ಲೇಟ್, ಐ ರ್‍ಯಾನ್" ಅಂತ ಬರೆದ್ರೆ ಅದನ್ನ ಕಾಮಾ ಸ್ಪ್ಲೈಸ್ ಅಂತಾರೆ, ಎರಡು ಪೂರ್ತಿ ವಾಕ್ಯನ ಬರೀ ಒಂದು ಕಾಮಾದಲ್ಲಿ ಅಂಟ್ಸಿರೋದು. ನಡುವೆ ಫುಲ್‌ಸ್ಟಾಪ್ ಇಡು, ಇಲ್ಲಾ ಕಾಮಾ ಆದ್ಮೇಲೆ "ಸೋ" ಹಾಕು. ಫುಲ್‌ಸ್ಟಾಪ್‌ಗೇನು ದುಡ್ಡು ಕೊಡಬೇಕಾ?

ಪ್ರಶ್ನೆ: ಕನ್ನಡದಲ್ಲಿ ಯೋಚ್ನೆ ಮಾಡಿ ಇಂಗ್ಲಿಷಿಗೆ ತಿರುಗ್ಸೋದು ತಪ್ಪಾ? ನಮ್ಮ ಸರ್ ಬೈತಾರೆ.

ಉತ್ತರ: ಕನ್ನಡದಲ್ಲೇ ಯೋಚ್ನೆ ಮಾಡಿ, ಏನೂ ಪರ್ವಾಗಿಲ್ಲ. ವಿಷಯ ಏನು, ಯಾವುದು ಮೊದ್ಲು ಯಾವುದು ಆಮೇಲೆ ಅಂತ ತಲೇಲಿ ಗಟ್ಟಿ ಮಾಡ್ಕೊಳ್ಳೋಕೆ ತಾಯ್ನುಡಿಗಿಂತ ಒಳ್ಳೇದು ಯಾವುದಿದೆ? ಒಂದು ಪ್ಯಾರಾಕ್ಕೆ ಒಂದೇ ವಿಷಯ, ಅದನ್ನ ಮೊದಲ ವಾಕ್ಯದಲ್ಲೇ ಹೇಳಿಬಿಡೋದು, ಇಷ್ಟನ್ನ ಕನ್ನಡದಲ್ಲೇ ಪ್ಲ್ಯಾನ್ ಮಾಡ್ಬಹುದು. ವಾಕ್ಯ ಕಟ್ಟೋವಾಗ ಮಾತ್ರ ಹುಷಾರು. "ಸ್ಕೂಲಿಗೆ ನಡ್ಕೊಂಡು ಹೋಗೋವಾಗ ಮಳೆ ಬಂತು" ಅಂದ್ರೆ ನಮಗೆ ಸರಿಯಾಗೇ ಇದೆ, ನಡೆದಿದ್ದು ನಾನು ಅಂತ ಎಲ್ರಿಗೂ ಗೊತ್ತು. ಅದನ್ನೇ "ವಾಕಿಂಗ್ ಟು ಸ್ಕೂಲ್, ದ ರೇನ್ ಸ್ಟಾರ್ಟೆಡ್" ಅಂತ ಬರೆದ್ರೆ ಮಳೇನೇ ಬ್ಯಾಗ್ ಹಾಕ್ಕೊಂಡು ಸ್ಕೂಲಿಗೆ ಹೊರಟಂಗಾಗುತ್ತೆ! (ನಾನೇ ಕಾಲೇಜಲ್ಲಿ ಇಂಥದ್ದು ಬರೆದು ಇಡೀ ಕ್ಲಾಸ್ ನಕ್ಕಿತ್ತು, ನಾನೂ ಯಾಕೆ ಅಂತ ಗೊತ್ತಾಗ್ದೆ ಜೊತೆಗೆ ನಕ್ಕಿದ್ದೆ.) "ವೈಲ್ ಐ ವಾಸ್ ವಾಕಿಂಗ್" ಅಂತ ಮಾಡಿ, ಸರಿಹೋಗುತ್ತೆ.

ಇನ್ನು "ಎ", "ದ" ಗೊಂದಲ ಎಲ್ರಿಗೂ ಇದ್ದಿದ್ದೇ, ನಮ್ಮಲ್ಲಿ ಅವು ಇಲ್ವೇ ಇಲ್ವಲ್ಲ. ಅವು ನಿಧಾನಕ್ಕೆ ಓದ್ತಾ ಓದ್ತಾ ಕಿವಿಗೆ ಬರ್ತವೆ.

ಪ್ರಶ್ನೆ: ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ) ಬಳಸ್ಲೇಬಾರ್ದಂತೆ, ಹೌದಾ?

ಉತ್ತರ: ಯಾರಂದ್ರು? ಕಿಟಕಿ ಒಡೆದವರು ಯಾರು ಅಂತ ಗೊತ್ತಿಲ್ದಾಗ "ದ ವಿಂಡೋ ವಾಸ್ ಬ್ರೋಕನ್" ಅನ್ನದೆ ಇನ್ನೇನು ಅಂತೀರಾ? ನೀವೇ ಒಡೆದು ಹಾಗೆ ಬರೆದ್ರೆ ಮಾತ್ರ ಟೀಚರ್‌ಗೆ ಡೌಟ್ ಬರುತ್ತೆ.